ಅತ್ತೆ ಕೊನೆಯ ಪುಟ ನೋಡಿದ ಮೇಲೆ

ಡಿಸೆಂಬರ್ ಕೊನೆಯ ವಾರ ಬಂತೆಂದರೆ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ವರ್ಷವಿಡೀ ಯಾರು ಏನೇನು ಓದಿದರೆಂಬ ಲೆಕ್ಕ ಹೊರಬೀಳುತ್ತದೆ. ಗಣಿತದ ಮೇಷ್ಟರು ಓದಿದ್ದನ್ನೆಲ್ಲ ಡೈರಿಯಲ್ಲಿ ಬರೆದಿಟ್ಟು ಒಂದೊಂದಕ್ಕೂ ಅಂಕ ಕೊಟ್ಟಿರುತ್ತಾರೆ. ವಿಜ್ಞಾನದ ಮೇಡಂ ಪುಸ್ತಕದ ಹೆಸರು ಮರೆತರೂ ಮುಖಪುಟದ ಬಣ್ಣ ಹೇಳಿ ಅದರ ಗುಣಗಾನ ಮಾಡುತ್ತಾರೆ. ಕನ್ನಡ ಪಾಠ ಹೇಳುವವಳೆಂಬ ಕಾರಣಕ್ಕೆ ನನ್ನ ಪಟ್ಟಿಯೇ ಎಲ್ಲರದಕ್ಕಿಂತ ಉದ್ದವಿರಬೇಕೆಂದು ಅವರ ನಿರೀಕ್ಷೆ. ಆದರೆ ದಾವಣಗೆರೆಯ ನಮ್ಮ ಮನೆಯಲ್ಲಿ ಒಂದು ಪುಸ್ತಕವನ್ನು ಒಬ್ಬರೇ ಓದುವ ಪದ್ಧತಿಯೇ ಇಲ್ಲ. ಹೊಸ ಪುಸ್ತಕ ಹೊಸ್ತಿಲು ದಾಟಿದೊಡನೆ, ಮೆಕ್ಕೆಜೋಳದ ವ್ಯಾಪಾರ ಮಾಡುವ ನಮ್ಮ ಯಜಮಾನರು ಅದನ್ನು ಅಂಗೈ ಮೇಲಿಟ್ಟು ತೂಕ ಅಂದಾಜಿಸಿ, ಬೆಲೆ ನೋಡಿ, ಗಿಟ್ಟಿತೋ ಇಲ್ಲವೋ ಎಂದು ತೀರ್ಪು ಕೊಡುತ್ತಾರೆ; ಎಂಟನೆಯ ತರಗತಿಯ ಮಗ ಚಿತ್ರಗಳಿವೆಯೇ ಎಂದು ತಿರುವಿಹಾಕುತ್ತಾನೆ; ಅತ್ತೆಯವರು ಕನ್ನಡಕ ಹಾಕಿಕೊಂಡು ನೇರವಾಗಿ ಕೊನೆಯ ಪುಟ ತೆಗೆಯುತ್ತಾರೆ. ಹೀಗಾಗಿ ಈ ವರ್ಷ ನನ್ನ ಮೆಚ್ಚಿನ ಪುಸ್ತಕಗಳೆಂದರೆ, ಇವರೆಲ್ಲರ ಕೈ ದಾಟಿಯೂ ನನ್ನ ಪಾಲಿಗೆ ಉಳಿದವು.

ಅತ್ತೆಯವರ ಈ ಅಭ್ಯಾಸಕ್ಕೆ ಅವರದೇ ಆದ ತರ್ಕವಿದೆ. “ಕೊನೀಗೆ ಯಾರು ಉಳೀತಾರೆ ಅಂತ ಗೊತ್ತಿಲ್ದಂಗೆ ಯಾರ ಮ್ಯಾಲೆ ಪ್ರೀತಿ ಇಟ್ಕಳ್ಳದವ್ವಾ?” ಎಂದು ಅವರು ಕೇಳಿದರೆ ಯಾವ ವಿಮರ್ಶಕರಿಗೂ ಉತ್ತರ ಹೊಳೆಯಲಾರದು. ತೊಂದರೆಯೆಂದರೆ, ತಿಳಿದುಕೊಂಡದ್ದನ್ನು ಅವರು ಹೊಟ್ಟೆಯಲ್ಲಿಟ್ಟುಕೊಳ್ಳುವುದಿಲ್ಲ. ಬೇಸಿಗೆ ರಜೆಯಲ್ಲಿ ಮಗನಿಗೆಂದು ತೇಜಸ್ವಿಯವರ ‘ಕರ್ವಾಲೊ’ ತಂದುಕೊಟ್ಟಿದ್ದೆ. 1980ರಲ್ಲಿ ಬಂದ ಆ ಸಣ್ಣ ಕಾದಂಬರಿಯನ್ನು ಹಿಡಿದು ಅವನು ಜಗಲಿಯಲ್ಲಿ ಕುಳಿತು, ಮಂದಣ್ಣ ಮತ್ತು ಕರ್ವಾಲೊ ಜೊತೆಗೂಡಿ ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೊರಡುವ ಕಡೆಗೆ ಬಂದು ಮೈಯೆಲ್ಲ ಕಣ್ಣಾಗಿದ್ದ ಹೊತ್ತಿಗೆ, ಮಜ್ಜಿಗೆ ತಂದಿಟ್ಟ ಅಜ್ಜಿ ಕರುಣೆಯಿಂದ, “ಅಷ್ಟು ಒದ್ದಾಡಬ್ಯಾಡಪ್ಪಾ, ಅದು ಸಿಗಂಗಿಲ್ಲ, ಹಾರಿ ಹೋಗ್ತತಿ” ಎಂದುಬಿಟ್ಟರು. ಮಗ ಎರಡು ದಿನ ಅಜ್ಜಿಯ ಜೊತೆ ಮಾತು ಬಿಟ್ಟ. ಆದರೂ ಪುಸ್ತಕ ಬಿಡಲಿಲ್ಲ. ಸಿಗುವುದಿಲ್ಲವೆಂದು ಗೊತ್ತಿದ್ದೂ ಹುಡುಕುವುದರಲ್ಲೇ ಅದರ ಸೊಗಸಿದೆ ಎಂಬುದು ನನ್ನ ಅಭಿಪ್ರಾಯವಾದ್ದರಿಂದ, ಒಳಗೊಳಗೇ ಅತ್ತೆಯವರ ಪಕ್ಷ ವಹಿಸಿದೆ.

ವರ್ಷದ ದೊಡ್ಡ ಗಲಾಟೆ ನಡೆದದ್ದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಿಂದ. 1967ರಲ್ಲಿ ಪ್ರಕಟವಾದ, 700 ಪುಟಗಳ ಆಸುಪಾಸಿನ ಆ ಪುಸ್ತಕವನ್ನು ಯಜಮಾನರು ತೂಗಿ ನೋಡಿ “ಇದು ಗಿಟ್ಟಿತು” ಎಂದು ಒಪ್ಪಿದ್ದರು. ಹಗಲು ಅದು ಅತ್ತೆಯವರದು, ರಾತ್ರಿ ನನ್ನದು ಎಂದು ಒಪ್ಪಂದವಾಯಿತು. ಅತ್ತೆಯವರು ಓದು ನಿಲ್ಲಿಸಿದ ಕಡೆ ಕೈಗೆ ಸಿಕ್ಕಿದ ಕಾಗದವನ್ನು ಗುರುತಿಗೆಂದು ಇಡುತ್ತಿದ್ದರು: ಬಸ್ ಟಿಕೆಟ್, ಮಾತ್ರೆಯ ಖಾಲಿ ಪಟ್ಟಿ, ಮದುವೆ ಪತ್ರಿಕೆಯ ಅರ್ಧ. ಒಂದು ಸಂಜೆ ಟೇಬಲ್ ಮೇಲಿದ್ದ ವೇಬ್ರಿಡ್ಜ್ ಚೀಟಿಯೂ ಹಾಗೆಯೇ ಒಳಗೆ ಸೇರಿತು. ಮೆಕ್ಕೆಜೋಳ ತುಂಬಿದ ಲಾರಿ ಮನೆಯ ಮುಂದೆ ನಿಂತಿದೆ, ಚೀಟಿ ಇಲ್ಲದೆ ಚಾಲಕ ಹೊರಡುವಂತಿಲ್ಲ, ಯಜಮಾನರು ದಿಂಬಿನ ಕೆಳಗಿನಿಂದ ದೇವರ ಗೂಡಿನ ತನಕ ಜಾಲಾಡಿ ಬೆವೆತಿದ್ದಾರೆ. ಆಗ ಅತ್ತೆಯವರು ನಿಧಾನವಾಗಿ, “ಗುತ್ತಿ ತಿಮ್ಮೀನ್ನ ರಾತ್ರೋರಾತ್ರಿ ಕರ್ಕಂಡು ಹೋಗ್ತಾನಲ್ಲ, ಅಲ್ಲಿ ಐತಿ ನೋಡು” ಎಂದರು.

ಯಜಮಾನರಿಗೆ ಗುತ್ತಿ ಯಾರು, ತಿಮ್ಮಿ ಯಾರು ಎಂಬುದೇ ತಿಳಿಯದು. ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ಕೊಡವಿದಾಗ ಟಿಕೆಟ್ಟುಗಳೂ ಮಾತ್ರೆ ಪಟ್ಟಿಯೂ ಉದುರಿದವೇ ಹೊರತು, ಹೊಲಿಗೆಯ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಚೀಟಿ ಅಲುಗಲಿಲ್ಲ. ಜೊತೆಗೆ, ನಾನು ಓದಿ ನಿಲ್ಲಿಸಿದ್ದ ಗುರುತೂ ಹೋಯಿತು. ಕೊನೆಗೆ ಅವರೇ ದೀಪದ ಕೆಳಗೆ ನಿಂತು, ಬೆರಳಿಗೆ ಎಂಜಲು ಹಚ್ಚಿ, ಗುತ್ತಿಯನ್ನು ಹುಡುಕಲಾರಂಭಿಸಿದರು. ಗುತ್ತಿ ಸಿಕ್ಕಿದ, ಅವನ ನಾಯಿ ಹುಲಿಯನೂ ಸಿಕ್ಕಿತು. ಆದರೆ ಆ ಕಾದಂಬರಿಯಲ್ಲಿ ಒಬ್ಬರ ದಾರಿಗೆ ಇನ್ನೊಬ್ಬರ ದಾರಿ ಬಂದು ಸೇರುತ್ತಲೇ ಇರುತ್ತದೆ. ಒಂದು ಪುಟ ಹಾರಿಸಿದರೆ ಸಂಬಂಧ ತಪ್ಪುತ್ತದೆಂದು ಅವರು ನಿಂತಲ್ಲೇ ಓದತೊಡಗಿದರು. ಹೊರಗೆ ಲಾರಿಯ ಹಾರನ್ ಆಯಿತು. “ಒಂದ್ನಿಮಿಷ ತಡಿಯೋ ಮಾರಾಯ” ಎಂದು ಕಿಟಕಿಯಿಂದ ಕೂಗಿ ಕುರ್ಚಿ ಎಳೆದುಕೊಂಡರು. ಮತ್ತೆ ಹಾರನ್ ಆದಾಗ, ಚೀಟಿ ಬೆರಳಿಗೆ ಸಿಕ್ಕಿದ್ದರೂ ಅದನ್ನು ಕೈಯಲ್ಲೇ ಹಿಡಿದುಕೊಂಡು ಮುಂದಿನ ಪುಟ ತಿರುವುತ್ತಿದ್ದರು. ಮದುವೆಯಾದ ಮೇಲೆ ಅವರು ಪೇಪರಿನ ಮಾರುಕಟ್ಟೆ ಧಾರಣೆ ಬಿಟ್ಟು ಬೇರೇನನ್ನಾದರೂ ಹೀಗೆ ಮೈಮರೆತು ಓದಿದ್ದನ್ನು ನಾನು ಕಂಡದ್ದು ಅದೇ ಮೊದಲು. ಲಾರಿ ಹೋದ ಮೇಲೆ ಮೆಲ್ಲಗೆ, “ಆ ನಾಯಿ ಕೊನೀವರೆಗೂ ಇರ್ತತೇನೇ?” ಎಂದು ಕೇಳಿದರು. ಅತ್ತೆಯವರು ಬಾಯಿ ತೆರೆಯುವುದರೊಳಗೆ ನಾನು ಅವರ ಕೈಗೆ ಎಲೆ ಅಡಿಕೆ ತಟ್ಟೆ ಕೊಟ್ಟು ಅನಾಹುತ ತಪ್ಪಿಸಿದೆ.

ಕಾರಂತರ ‘ಮೂಕಜ್ಜಿಯ ಕನಸುಗಳು’ ಓದಿದ ಮೇಲಂತೂ ಮನೆಯಲ್ಲಿ ಇನ್ನೊಂದು ಅವಾಂತರ. ಅದರಲ್ಲಿ ಅಜ್ಜಿ ಹಳೆಯ ವಸ್ತುವೊಂದನ್ನು ಮುಟ್ಟಿದರೆ ಅದರ ಹಿಂದಿನ ಕತೆಯೆಲ್ಲ ಅವಳ ಕಣ್ಣ ಮುಂದೆ ಬರುತ್ತದಷ್ಟೆ. ಎದುರು ಮನೆಯವರು ಗಿರ್ಮಿಟ್ ತುಂಬಿ ಕಳಿಸಿದ ಸ್ಟೀಲ್ ಡಬ್ಬಿಯನ್ನು ಅತ್ತೆಯವರು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, “ಇದು ನಮ್ಮನೇದು” ಎಂದು ಘೋಷಿಸಿದರು. ನಾನು ನಾಚಿಕೆಯಿಂದ ಸುಮ್ಮನಿರಿಸಲು ನೋಡಿದೆ. ಅವರು ಗಿರ್ಮಿಟ್ಟನ್ನು ತಟ್ಟೆಗೆ ಸುರಿದು ಡಬ್ಬಿಯ ತಳ ತಿರುಗಿಸಿ ತೋರಿಸಿದರೆ, ಅಲ್ಲಿ ಚುಕ್ಕಿ ಚುಕ್ಕಿಯಾಗಿ ಕೆತ್ತಿದ ಅಕ್ಷರಗಳಲ್ಲಿ ಅವರ ಅಣ್ಣನ ಹೆಸರೂ ಮದುವೆಯ ತಾರೀಖೂ ಇದ್ದವು. ಡಬ್ಬಿ ವಾಪಸು ಬಂತೆಂಬ ಸಂತೋಷ ಒಂದೆಡೆಗಾದರೆ, ಎದುರು ಮನೆಯಿಂದ ಗಿರ್ಮಿಟ್ ಬರುವುದು ನಿಂತಿತೆಂಬ ದುಃಖ ಇನ್ನೊಂದೆಡೆ. 1968ರಲ್ಲಿ ಬಂದು, 1977ರ ಜ್ಞಾನಪೀಠವನ್ನು ಕಾರಂತರಿಗೆ ತಂದುಕೊಟ್ಟ ಆ ಕೃತಿಯಲ್ಲಿ ನನಗೆ ಇಷ್ಟವಾದವನು, ಅಜ್ಜಿ ಹೇಳಿದ್ದನ್ನು ನಂಬುವುದೋ ಬಿಡುವುದೋ ಎಂದು ತಲೆ ಕೆರೆದುಕೊಳ್ಳುವ ಮೊಮ್ಮಗ ಸುಬ್ಬರಾಯ. ನನ್ನ ಪಾಡೂ ಬೇರೆಯಲ್ಲ.

ತ.ರಾ.ಸು. ಅವರ ‘ದುರ್ಗಾಸ್ತಮಾನ’ವನ್ನು ದುರ್ಗದ ಕೋಟೆಯಲ್ಲೇ ಕುಳಿತು ಓದಬೇಕೆಂಬುದು ನನ್ನ ಬಹುದಿನದ ಆಸೆ. ಒಂದು ಭಾನುವಾರ ಎಲ್ಲರೂ ಹೊರಟೆವು. ಏಳು ಸುತ್ತಿನ ಆ ಕೋಟೆಯಲ್ಲಿ ಬಂಡೆಯ ನೆರಳು ಹುಡುಕಿ ಕುಳಿತು, 1779ರಲ್ಲಿ ಹೈದರಾಲಿಯ ವಶವಾದ ಕಲ್ಲುಗಳನ್ನೇ ನೋಡುತ್ತ ಮದಕರಿ ನಾಯಕನ ಕೊನೆಯ ದಿನಗಳನ್ನು ಓದುವ ಸುಖವನ್ನು ನಾನು ಅನುಭವಿಸಿದ್ದು ಅರ್ಧ ಪುಟದಷ್ಟು. ಮಂಡಕ್ಕಿ, ಮಿರ್ಚಿ ಇದ್ದ ಚೀಲದ ಪಕ್ಕ ಪುಸ್ತಕವಿಟ್ಟು ಮಗನಿಗೆ ಒನಕೆ ಓಬವ್ವನ ಕಿಂಡಿ ಯಾವ ಕಡೆಯೆಂದು ತೋರಿಸುವಷ್ಟರಲ್ಲಿ ಕೋತಿಯೊಂದು ಎರಡನ್ನೂ ಬಾಚಿಕೊಂಡು ಬುರುಜಿನ ಮೇಲೇರಿತು. ಮಿರ್ಚಿ ಕಚ್ಚಿದೊಡನೆ ಖಾರ ಹತ್ತಿತೋ ಏನೋ, ಸಿಟ್ಟೆಲ್ಲ ಕಾದಂಬರಿಯ ಮೇಲೆ ತೀರಿಸಿಕೊಂಡು ಹಾಳೆ ಹರಿಯತೊಡಗಿತು. ದುರ್ಗಕ್ಕೆ ಮುತ್ತಿಗೆ ಹಾಕಿದವರ ಪಟ್ಟಿಗೆ ಮಗ ಆ ಕೋತಿಯನ್ನೂ ಸೇರಿಸಿದ. ಹರಿದ ಪುಟಗಳನ್ನು ಗ್ರಂಥಾಲಯದ ಪ್ರತಿಯಲ್ಲಿ ಓದಿ ಮುಗಿಸಿದೆನಾದರೂ, ಲೇಖಕರು ತೀರಿಕೊಂಡ ಮರುವರ್ಷ, 1985ರಲ್ಲಿ, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಈ ಕೃತಿಗಿಂತ ಅವರ ‘ಹಂಸಗೀತೆ’ಯೇ ಒಂದು ಕೈ ಮೇಲೆಂಬ ನನ್ನ ಹಳೆಯ ಹಟ ಸಡಿಲವಾಗಲಿಲ್ಲ. ಇದನ್ನು ಚಿತ್ರದುರ್ಗದ ನೆಂಟರ ಮುಂದೆ ಮಾತ್ರ ಹೇಳುವುದಿಲ್ಲ.

ಬಾನು ಮುಷ್ತಾಕ್ ಅವರ ಕತೆಗಳ ಮಾತು ಇನ್ನೂ ಬಾಕಿ. ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದಕ್ಕೆ 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದ ಸುದ್ದಿ ತಿಳಿದದ್ದೇ ತಡ, ನನ್ನ ಕನ್ನಡ ಪ್ರತಿ ಬೀದಿಯ ಸ್ವತ್ತಾಯಿತು. ಅದು ತಿರುಗಿ ಬಂದಾಗ ಕಂದು ಬಣ್ಣದ ರಟ್ಟು, ಅದರ ಮೇಲೊಂದು ಲೇಬಲ್, ಲೇಬಲ್ ಮೇಲೆ ಯಾರದೋ ಮಗಳ ಹೆಸರು ಮತ್ತು ‘ಏಳನೇ ತರಗತಿ ಬಿ ವಿಭಾಗ’ ಎಂಬ ವಿಳಾಸವಿತ್ತು. ಅಡುಗೆಮನೆಯಲ್ಲಿ ನಿಂತು ಓದಿದರೆ ಆ ಕತೆಗಳು ಇನ್ನಷ್ಟು ಚುಚ್ಚುತ್ತವೆ. ಹಲವು ಪುಟಗಳ ಅಂಚಿನಲ್ಲಿದ್ದ ಅರಿಸಿನದ ಬೆರಳಚ್ಚುಗಳನ್ನು ನೋಡಿದರೆ, ಬೀದಿಯ ಹೆಂಗಸರೂ ಹಾಗೆಯೇ ಓದಿದ್ದರೆಂದು ತೋರುತ್ತದೆ.

ಬರುವ ವರ್ಷಕ್ಕೆಂದು ಭೈರಪ್ಪನವರ ‘ಪರ್ವ’ ತಂದಿಟ್ಟಿದ್ದೇನೆ. ಅತ್ತೆಯವರು ಎಂದಿನಂತೆ ಕನ್ನಡಕ ಹಾಕಿಕೊಂಡು ಪುಸ್ತಕವನ್ನು ಹಿಂದಿನಿಂದ ತೆರೆದವರು, ಏನೋ ಯೋಚಿಸಿ ಮತ್ತೆ ಮುಚ್ಚಿದರು. “ಇದು ಭಾರತದ ಕತೆ ಅಲ್ಲೇನು? ಕೊನೀಗೆ ಯಾರ್‍ಯಾರು ಸಾಯ್ತಾರೆ ಅಂತ ಗೊತ್ತೇ ಐತಿ. ಇದನ್ನಾದ್ರೂ ಮೊದಲಿಂದ ಓದ್ತೀನಿ ಬಿಡು” ಎಂದು ತಮ್ಮ ಮಂಚಕ್ಕೆ ಒಯ್ದರು. ಅವರ ಹಿಂದೆ ಯಜಮಾನರು ಹೆಸರು ಹಚ್ಚಿದ್ದಾರೆ. ನನ್ನ ಸರದಿ ಯುಗಾದಿ ಕಳೆದ ಮೇಲಂತೆ.