ಅಡಿಕೆಯಷ್ಟು ಬೆಲ್ಲ

"ಒಂದು ವಿದೌಟ್!"

ನಿನ್ನೆ ಸಂಜೆ ಉಡುಪಿಯ ಹೋಟೆಲೊಂದರಲ್ಲಿ ಹುಡುಗ ಹೀಗೆ ಕೂಗಿದ್ದು ನನ್ನ ಚಾಕ್ಕೆ. ಅವನ ಕಿವಿಯ ಹತ್ತಿರ ಬಗ್ಗಿ, ಸಾಲ ಕೇಳುವವನ ದನಿಯಲ್ಲಿ, "ಸಕ್ಕರೆ ಬೇಡ ಆಯ್ತಾ" ಎಂದಿದ್ದೆ. ಅವನು ನಿಂತಲ್ಲಿಂದಲೇ ಅದನ್ನು ಅಡುಗೆಮನೆಗೆ ಮುಟ್ಟಿಸಿದ. ನಡುವೆ ಇದ್ದ ಎಂಟು ಟೇಬಲಿನವರಿಗೂ ಮುಟ್ಟಿತು. ಬನ್ಸ್ ಮುರಿಯುತ್ತಿದ್ದ ಒಬ್ಬರು ಅರ್ಧದಲ್ಲೇ ಕೈ ನಿಲ್ಲಿಸಿ ನನ್ನ ಕಡೆ ತಿರುಗಿದರು. ಸಾವಿನ ಮನೆಯ ಅಂಗಳದಲ್ಲಿ ನಿಂತು ನೋಡುತ್ತಾರಲ್ಲ, ಹಾಗೆ ನೋಡಿದರು.

ನನ್ನ ಎದುರು ಒಬ್ಬ ಹಿರಿಯರು ಗೋಳಿಬಜೆ ತಿನ್ನುತ್ತಿದ್ದರು. ಗುರುತಿಲ್ಲ, ಪರಿಚಯ ಇಲ್ಲ.

"ಎಷ್ಟು ವರ್ಷ ಆಯ್ತು?"

ವಯಸ್ಸು ಕೇಳುತ್ತಿದ್ದಾರೆ ಅಂದುಕೊಂಡೆ. "ನಲವತ್ತೇಳು."

"ಅಯ್ಯೋ ದೇವರೇ! ಹುಟ್ಟಿನಿಂದಲೇ ಉಂಟಾ?"

"ಶುಗರ್ ಇಲ್ಲ ಮಾರಾಯ್ರೆ. ಬರದ ಹಾಗೆ ನೋಡಿಕೊಳ್ಳುತ್ತಿದ್ದೇನೆ."

"ಎಲ್ಲರೂ ಮೊದಲು ಹಾಗೇ ಹೇಳುವುದು" ಎಂದರು. ಮತ್ತೆ ಶುರುವಾಯಿತು. ಕಿರಾತಕಡ್ಡಿ ಕಷಾಯ ಬೆಳಿಗ್ಗೆ, ಅಮೃತಬಳ್ಳಿ ರಾತ್ರಿ, ಹಾಗಲಕಾಯಿ ಯಾವಾಗ ಬೇಕಾದರೂ. ಅವರಿಗೆ ಒಮ್ಮೆ ಮುನ್ನೂರು ದಾಟಿತ್ತಂತೆ. ಇದನ್ನೆಲ್ಲ ಹೇಳುತ್ತಾ ಹುಡುಗನನ್ನು ಕರೆದು ತಮ್ಮ ಚಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿಸಿಕೊಂಡರು. ನಾನು ನೋಡಿದ್ದನ್ನು ನೋಡಿ, "ಮಾತ್ರೆ ತೆಗೊಂಡೇ ಬಂದದ್ದು" ಎಂದರು.

ಇಷ್ಟೆಲ್ಲ ಮಾನ ಹೋದ ಮೇಲೆ ನನ್ನ ಚಾ ಬಂತು. ಒಂದು ಗುಟುಕು ಕುಡಿದೆ. ಪಾಯಸ! ಹುಡುಗನನ್ನು ಕರೆದು ಕೇಳಿದರೆ, "ಅದು ಹಾಲಿಗೇ ಹಾಕಿ ಇಟ್ಟಿರ್ತಾರೆ ಸರ್, ಮೇಲಿಂದ ಹಾಕಿಲ್ಲ" ಎಂದ. ಹಾಗಾದರೆ ಊರಿಗೆಲ್ಲ ಕೇಳುವ ಹಾಗೆ ಕೂಗಿದ್ದು ಯಾಕಪ್ಪಾ?

ಈ ರಗಳೆ ಶುರುವಾದದ್ದು ಒಂದು ರಕ್ತ ಪರೀಕ್ಷೆಯಿಂದ. ಆಫೀಸಿನಲ್ಲಿ ಕ್ಯಾಂಪ್ ಇಟ್ಟಿದ್ದರು, ಪುಕ್ಕಟೆ. ನಾನು ಬುದ್ಧಿವಂತ. ಪರೀಕ್ಷೆಗೆ ಮೊದಲಿನ ಎರಡು ದಿನ ಸಿಹಿ ಮುಟ್ಟಲಿಲ್ಲ. ಎಸ್ಸೆಸ್ಸೆಲ್ಸಿಯಿಂದ ಡಿಗ್ರಿಯವರೆಗೆ ನಾನು ಪಾಸಾದದ್ದೆಲ್ಲ ಹೀಗೇ. ಆದರೆ ಅವರು ಮಾಡಿದ್ದು ಎಚ್‌ಬಿಎ1ಸಿ ಎಂಬ ಪರೀಕ್ಷೆ. ಅದು ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನೇ ಹೇಳಿಬಿಡುತ್ತದಂತೆ. ನಮ್ಮ ರಕ್ತದ ಕೆಂಪು ಕಣಗಳು ಸುಮಾರು ನಾಲ್ಕು ತಿಂಗಳು ಬದುಕುತ್ತವೆ, ಅಷ್ಟು ದಿನ ನಾವು ತಿಂದದ್ದರ ಸಕ್ಕರೆ ಅದಕ್ಕೆ ಅಂಟಿಕೊಂಡೇ ಇರುತ್ತದೆ. ಹೊರಗಿನವರು ಬೇಡ, ಚಾಡಿ ಹೇಳುವವರು ನಮ್ಮ ಮೈಯೊಳಗೇ ಇದ್ದಾರೆ.

ನನ್ನದು 6.1 ಬಂತು. 5.7ರ ಕೆಳಗಿದ್ದರೆ ಸರಿ, 6.5 ಮುಟ್ಟಿದರೆ ಕಾಯಿಲೆ. ಡಾಕ್ಟರು ಮಂಗಳೂರು ಕಡೆಯವರು. "6.5 ಅಂದರೆ ಕೇರಳ ಗಡಿಯ ತಲಪಾಡಿ ಗೇಟು ಅಂತ ಇಟ್ಟುಕೊಳ್ಳಿ. ನೀವು ತೊಕ್ಕೊಟ್ಟು ದಾಟಿ ಆಗಿದೆ. ಈಗಲೇ ಗಾಡಿ ತಿರುಗಿಸಿ" ಎಂದರು.

ತಿರುಗಿಸಿದೆ. ಮೊದಲ ಕೆಲಸ ಅಂದರೆ, ನಾನು ದಿನಕ್ಕೆ ಎಷ್ಟು ಸಕ್ಕರೆ ತಿನ್ನುತ್ತೇನೆ ಎಂದು ನೋಡುವುದು. ಹೆಂಡತಿ ಕೇಕ್ ಮಾಡುತ್ತೇನೆ ಎಂದು ಒಂದು ಎಲೆಕ್ಟ್ರಾನಿಕ್ ತಕ್ಕಡಿ ತರಿಸಿದ್ದಳು. ಕೇಕ್ ಎರಡು ಸಲ ಆಗಿದೆ, ತಕ್ಕಡಿ ಹೊಸತರ ಹಾಗೇ ಇತ್ತು. ನಮ್ಮ ಸಕ್ಕರೆ ಡಬ್ಬಿಯಲ್ಲಿ ಇರುವುದು ಒಂದು ಹಳೇ ಸ್ಟೀಲ್ ಚಮಚ. ಹಿಡಿ ಸ್ವಲ್ಪ ಡೊಂಕು, ಹೊಟ್ಟೆ ದೊಡ್ಡದು. ನನಗೆ ಬುದ್ಧಿ ಬಂದಾಗಿನಿಂದ ನಮ್ಮ ಮನೆಯಲ್ಲಿ "ಒಂದು ಚಮಚ" ಎಂದರೆ ಅದೇ. ಅಮ್ಮ ಅದನ್ನು ಸಕ್ಕರೆಗೆ ಇಳಿಸಿ, ಗೋಪುರ ಕಟ್ಟಿ, ಒಂದು ಹರಳೂ ಕೆಳಗೆ ಬೀಳದ ಹಾಗೆ ಲೋಟದವರೆಗೆ ಒಯ್ಯುತ್ತಾಳೆ. ಅವಳಿಗೆ ಎಪ್ಪತ್ತನಾಲ್ಕು. ಸೂಜಿಗೆ ದಾರ ಪೋಣಿಸುವಾಗ ಕೈ ನಡುಗುತ್ತದೆ, ಸಕ್ಕರೆ ಒಯ್ಯುವಾಗ ನಡುಗುವುದಿಲ್ಲ.

ತಕ್ಕಡಿಯ ಮೇಲೆ ಒಂದು ಬಟ್ಟಲು ಇಟ್ಟು ಗುಂಡಿ ಒತ್ತಿದೆ. ಸೊನ್ನೆ ಬಂತು. ಅಮ್ಮ ಪಕ್ಕದಲ್ಲೇ ನಿಂತಿದ್ದಳು.

"ಬಟ್ಟಲು ಇದ್ದರೂ ಸೊನ್ನೆಯಾ?"

"ಹೌದಮ್ಮ. ಆ ಗುಂಡಿ ಒತ್ತಿದರೆ ಮೇಲೆ ಇರುವುದನ್ನು ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ."

"ಒಳ್ಳೆ ಉಪಾಯ" ಎಂದಳು.

ಅಮ್ಮನಿಂದಲೇ ಒಂದು ಚಮಚ ಹಾಕಿಸಿದೆ. 11 ಗ್ರಾಂ. ಲೆಕ್ಕದ ಪ್ರಕಾರ ಒಂದು ಸಪಾಟು ಟೀ ಚಮಚದಲ್ಲಿ 4 ಗ್ರಾಂ ಸಕ್ಕರೆ ಹಿಡಿಯಬೇಕು. ನನ್ನ ಒಂದು ಲೋಟ ಚಾಕ್ಕೆ ಇಂಥವು ಎರಡು. ವಿಶ್ವ ಆರೋಗ್ಯ ಸಂಸ್ಥೆಯವರು 2015ರಲ್ಲಿ ಹೇಳಿದ್ದು ಏನೆಂದರೆ, ಹೊರಗಿನಿಂದ ಸೇರಿಸಿದ ಸಕ್ಕರೆ ದಿನಕ್ಕೆ 50 ಗ್ರಾಂ ದಾಟಬಾರದು, 25ರ ಒಳಗಿದ್ದರೆ ಇನ್ನೂ ಒಳ್ಳೆಯದು. ಆರು ಸಪಾಟು ಚಮಚ. ನಾನು ಬೆಳಿಗ್ಗೆ ಎಂಟೂವರೆಯೊಳಗೆ ಎರಡು ಚಾ ಮುಗಿಸುವವನು. ಅಂದರೆ ಪೇಪರು ಓದಿ ಮುಗಿಯುವ ಹೊತ್ತಿಗೆ ಇವತ್ತಿನ ಪಾಲು ಮುಗಿಸಿ ನಾಳೆಯದಕ್ಕೂ ಕೈ ಹಾಕಿರುತ್ತಿದ್ದೆ.

"ಸಕ್ಕರೆ ತೂಗ್ತಾನಂತೆ" ಎಂದು ಅಮ್ಮ ಹೆಂಡತಿಗೆ ಹೇಳುವುದು ಕೇಳಿಸಿತು. "ಇವನ ಮದುವೆಯಲ್ಲಿ ಚಿನ್ನವನ್ನೂ ಹೀಗೆ ತೂಗಿಲ್ಲ."

ಚಾಕ್ಕೆ ಸಕ್ಕರೆ ಬಿಡುವುದು ನಾಲ್ಕು ದಿನದ ಸಂಕಟ. ಮೊದಲ ದಿನ ಪಾತ್ರೆ ತೊಳೆದ ನೀರು, ಎರಡನೇ ದಿನ ಮದ್ದು, ನಾಲ್ಕನೇ ದಿನ ಅಭ್ಯಾಸ. ಅಂಗಡಿಯ ತಿಂಡಿಗಳೂ ಅಷ್ಟೇ. ಕನ್ನಡಕ ಹಾಕಿಕೊಂಡು ಪ್ಯಾಕೆಟಿನ ಹಿಂದೆ ಓದಲು ಶುರು ಮಾಡಿದರೆ ಅರ್ಧ ತಾನಾಗಿ ಬಿಟ್ಟುಹೋಗುತ್ತದೆ. ಟೊಮೆಟೊ ಸಾಸ್‌ನಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಸಕ್ಕರೆ ಅಂದರೆ ನಂಬುತ್ತೀರಾ? ಡೆಕ್ಸ್‌ಟ್ರೋಸ್, ಇನ್ವರ್ಟ್ ಸಿರಪ್ ಅಂತೆಲ್ಲ ಬರೆದಿರುತ್ತಾರೆ. ಸಾಲ ಕೊಟ್ಟವರಿಗೆ ಹೆದರಿ ಹೆಸರು ಬದಲಿಸಿಕೊಂಡು ಓಡಾಡುವ ಸಕ್ಕರೆ ಅವು.

ಇದೆಲ್ಲ ಆದೀತು. ಅಮ್ಮನ ಬೆಲ್ಲ ಆಗುವುದಿಲ್ಲ.

ನಮ್ಮ ಊರಿನಲ್ಲಿ ಬೆಲ್ಲ ಸಿಹಿ ಅಲ್ಲ. ಅದು ಉಪ್ಪಿನ ಹಾಗೆ. ಸಾರಿಗೆ ಬೆಲ್ಲ, ಹುಳಿಗೆ ಬೆಲ್ಲ, ಗೊಜ್ಜಿಗೆ ಬೆಲ್ಲ, ಪಲ್ಯಕ್ಕೂ ಒಂದು ಚೂರು. ನೀರುದೋಸೆಯ ಜೊತೆ ಕಾಯಿಬೆಲ್ಲ. "ಸಿಹಿ ಏನೂ ಮಾಡಿಲ್ಲ ಇವತ್ತು" ಎಂದು ಅಮ್ಮ ಬಡಿಸುವ ಊಟದಲ್ಲಿ ಬೆಲ್ಲ ಇಲ್ಲದ್ದು ಅನ್ನ, ಮಜ್ಜಿಗೆ ಎರಡೇ. ಘಟ್ಟದ ಮೇಲಿನವರು ಉಡುಪಿ ಸಾಂಬಾರು ಸಿಹಿ ಎಂದು ತಮಾಷೆ ಮಾಡುವಾಗ ನಾನು ಇಷ್ಟು ವರ್ಷ ಜಗಳಕ್ಕೇ ಹೋಗಿದ್ದೆ. ಈಗ ಅವರಿಗೆ ಏನು ಹೇಳಲಿ?

"ಬೆಲ್ಲ ಹಾಕಬೇಡಮ್ಮ."

"ಎಂತಕ್ಕೆ? ಸಕ್ಕರೆ ಬಿಟ್ಟದ್ದಲ್ವಾ ನೀನು?"

"ಬೆಲ್ಲವೂ ಸಕ್ಕರೆಯೇ. ಎರಡೂ ಒಂದೇ ಕಬ್ಬಿನಿಂದ ಬರುವುದು."

"ನೀನೂ ನಿನ್ನ ಅಣ್ಣನೂ ಒಂದೇ ಹೊಟ್ಟೆಯಿಂದ ಬಂದದ್ದು. ಒಂದೇ ಇದ್ದೀರಾ?"

ಇದಕ್ಕೆ ಉತ್ತರ ಇದ್ದರೆ ದಯವಿಟ್ಟು ತಿಳಿಸಿ.

ಬೆಲ್ಲದಲ್ಲಿ ಕಬ್ಬಿಣದ ಅಂಶ ಉಂಟು ಎನ್ನುವುದು ಅವಳ ಇನ್ನೊಂದು ವಾದ. ಕಬ್ಬಿಣ ಬೇಕಾದರೆ ಹರಿವೆ ಸೊಪ್ಪು ತಿನ್ನುತ್ತೇನೆ ಎಂದೆ. ಮರುದಿನ ಹರಿವೆ ಪಲ್ಯ ಮಾಡಿದಳು, ಬೆಲ್ಲ ಹಾಕಿ.

ಸರಿ, ಕಡಿಮೆ ಹಾಕು, ಎಷ್ಟು ಹಾಕುತ್ತಿ ಹೇಳು ಎಂದೆ. "ಅಡಿಕೆಯಷ್ಟು." ಅಮ್ಮನ ಅಳತೆಗಳು ಎಲ್ಲ ಹೀಗೇ ಇರುತ್ತವೆ. ಹುಣಸೆಹುಳಿ ನೆಲ್ಲಿಕಾಯಿಯಷ್ಟು, ಇಂಗು ಮೆಂತೆಯಷ್ಟು, ಬೆಲ್ಲ ಅಡಿಕೆಯಷ್ಟು. ಅಡಿಕೆಯಷ್ಟು ಎಂದರೆ ನನ್ನ ಅಂದಾಜು ಹತ್ತು ಹನ್ನೆರಡು ಗ್ರಾಂ. ಐದು ಜನರ ಹುಳಿಗೆ ಅಷ್ಟು ಬಿದ್ದರೆ ನನ್ನ ಪಾಲಿಗೆ ಎರಡು ಗ್ರಾಂ ಬಂದೀತು. ಏನು ಮಹಾ, ಬಿಡು ಅಂದುಕೊಂಡೆ. ಒಂದು ದಿನ ಸಂಶಯ ಬಂದು ಅವಳು ಬೆಲ್ಲ ಕೆತ್ತುವ ಹೊತ್ತಿಗೆ ಅಡುಗೆಮನೆಗೆ ಹೋದೆ. ತುಂಡು ತೆಗೆದು ತಕ್ಕಡಿಗೆ ಹಾಕಿದೆ. 42 ಗ್ರಾಂ.

"ಅಮ್ಮಾ, ಇದು ಅಡಿಕೆಯಷ್ಟಾ?"

"ಮತ್ತೆಂತದು? ತೋಟಕ್ಕೆ ಹೋಗಿ ನೋಡು."

ಆಗ ಹೊಳೆಯಿತು. ಅವಳು ಹೇಳುತ್ತಿದ್ದದ್ದು ಸಿಪ್ಪೆ ಸಮೇತ ಇರುವ ಅಡಿಕೆ. ಮರದಿಂದ ಬಿದ್ದ ಇಡೀ ಅಡಿಕೆ. ಐವತ್ತು ವರ್ಷದಿಂದ ಆ ಅಳತೆಯಲ್ಲೇ ನಾವೆಲ್ಲ ಊಟ ಮಾಡಿದ್ದೇವೆ.

ಹಾಗಾದರೆ ಬೆಲ್ಲ ಬೀಳಲು ಸಾಧ್ಯವೇ ಇಲ್ಲದ್ದು ಏನಿದೆ ಎಂದು ಯೋಚಿಸಿದೆ. ಹಾಗಲಕಾಯಿ! ಎಲ್ಲರೂ ಅದನ್ನೇ ತಿನ್ನು ಎನ್ನುತ್ತಾರೆ. ಸಂತೆಯಿಂದ ಒಂದು ಕಿಲೋ ತಂದು ಅಮ್ಮನ ಮುಂದೆ ಇಟ್ಟೆ. "ಶುಗರಿಗೆ ಒಳ್ಳೆಯದಂತೆ. ಏನಾದರೂ ಮಾಡು" ಎಂದೆ. ಅಲ್ಲೇ ತಪ್ಪಿದ್ದು. "ಏನಾದರೂ" ಎನ್ನಬಾರದಿತ್ತು.

ಮಧ್ಯಾಹ್ನ ಊಟಕ್ಕೆ ಕೂತರೆ ಎಲೆಯ ತುದಿಯಲ್ಲಿ ಹಾಗಲಕಾಯಿ ಮೆಣಸ್ಕಾಯಿ, ನಮ್ಮ ಕಡೆಯ ಗೊಜ್ಜು. ಕಪ್ಪು ಕೆಂಪು ಬಣ್ಣ, ಹುರಿದ ಎಳ್ಳಿನ ಪರಿಮಳ, ಅಂಚಿನಲ್ಲಿ ಎಣ್ಣೆ ಬಿಟ್ಟುಕೊಂಡು ಮಿರಿಮಿರಿ ಮಿಂಚುತ್ತಿತ್ತು. ಒಂದು ತುತ್ತು ಬಾಯಿಗಿಟ್ಟೆ. ಎಷ್ಟು ರುಚಿ ಎಂದರೆ ಸಂಕಟವಾಯಿತು. ಕಹಿ ಎಲ್ಲೋ ದೂರದಲ್ಲಿತ್ತು, ಪಕ್ಕದ ಮನೆಯ ರೇಡಿಯೋದ ಹಾಗೆ.

"ಅಮ್ಮಾ, ಬೆಲ್ಲ ಎಷ್ಟು?"

"ಹಾಗಲಕಾಯಿಗೆ ಜಾಸ್ತಿ ಬೇಕಲ್ವಾ ಮಾಣಿ, ಕಹಿ ಹೋಗಬೇಕಲ್ಲ."

"ಅಡಿಕೆಯಷ್ಟಾ?"

ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ತೆಂಗಿನಕಾಯಿ ಗಡಿಯಷ್ಟು" ಎಂದಳು ಕೊನೆಗೆ. ಅಂದರೆ ಅರ್ಧ ತೆಂಗಿನಕಾಯಿ!

ನಾನು ಸಿಟ್ಟಿನಲ್ಲಿ ಏನೋ ಹೇಳಿದೆ. ಸಕ್ಕರೆ ಕಾಯಿಲೆಗೆ ಔಷಧಿ ತಂದುಕೊಟ್ಟರೆ ಅದಕ್ಕೇ ಬೆಲ್ಲ ಕಟ್ಟಿ ಕೊಡುತ್ತಿ ಅಂತೇನೋ. ಆಮೇಲೆ ಎರಡು ಸಲ ಹಾಕಿಸಿಕೊಂಡು ತಿಂದೆ ಎನ್ನುವುದು ಬೇರೆ ಮಾತು. ಇಲ್ಲಿ ಇನ್ನೊಂದು ಹೊಟ್ಟೆಕಿಚ್ಚಿನ ವಿಷಯ ಹೇಳಿಬಿಡುತ್ತೇನೆ. ಅದೇ ಕ್ಯಾಂಪಿನಲ್ಲಿ ಅಮ್ಮನ ರಕ್ತವನ್ನೂ ಪರೀಕ್ಷೆ ಮಾಡಿಸಿದ್ದೆ. 5.3.

ಆ ರಾತ್ರಿ ಅಮ್ಮ ಊಟವಾದ ಮೇಲೆ ಚಾವಡಿಯಲ್ಲಿ ಕೂತು ಸುಮ್ನೆ ಮಾತಾಡುತ್ತಾ ಹೋದಳು. ನನಗೆ ಹೇಳಿದ್ದಲ್ಲ, ಹೆಂಡತಿಗೆ. ಅವಳ ತವರಿನಲ್ಲಿ ಸಕ್ಕರೆ ಬರುತ್ತಿದ್ದದ್ದು ರೇಶನ್ನಿನಲ್ಲಿ. ಬಂದ ಕೂಡಲೇ ಡಬ್ಬಿಗೆ ಹೋಗಿ ಅಟ್ಟಕ್ಕೆ ಏರುತ್ತಿತ್ತು. ಅದು ನೆಂಟರ ಸಕ್ಕರೆ. ಬಿಸಿಲಲ್ಲಿ ಬಂದವರಿಗೆ ಮೊದಲು ಬೆಲ್ಲ, ನೀರು. ಕೂತು ಮಾತಾಡುವಷ್ಟು ದೊಡ್ಡವರಾದರೆ ಸಕ್ಕರೆ ಹಾಕಿದ ಕಾಫಿ. ಮಕ್ಕಳಿಗೆ ಹಾಲಿಲ್ಲದ ಕಣ್ಣ ಚಾ, ಕಚ್ಚಿಕೊಳ್ಳಲು ಒಂದು ಚೂರು ಬೆಲ್ಲ. ಒಂದು ದಿನ ಅಜ್ಜಿ ಮಲಗಿದ್ದಾಗ ಅಮ್ಮ ಅಟ್ಟ ಹತ್ತಿ ಒಂದು ಹಿಡಿ ಸಕ್ಕರೆಯನ್ನು ಲಂಗದ ಜೇಬಿಗೆ ಹಾಕಿಕೊಂಡಳಂತೆ. ತಿನ್ನಲು ಜಾಗ ಹುಡುಕುವ ಮೊದಲೇ ಅಜ್ಜಿ ಕರೆದರು. ಸಂಜೆಯವರೆಗೆ ಜೇಬಿಗೆ ಕೈ ಹಾಕಲು ಆಗಲಿಲ್ಲ. ಅಷ್ಟರಲ್ಲಿ ಇರುವೆಗಳ ಒಂದು ಸಾಲು ಅಂಗಳದಿಂದ ಬಂದು ಲಂಗ ಹತ್ತಿತ್ತು.

"ಹೊಡೆದರಾ ಅತ್ತೆ?" ಎಂದು ಹೆಂಡತಿ ಕೇಳಿದಳು.

"ಇಲ್ಲಪ್ಪ. ಲಂಗ ಒಗೆದು ಹಾಕಿದರು. ಸಕ್ಕರೆ ಎಲ್ಲ ನೀರಲ್ಲಿ ಹೋಯ್ತು" ಎಂದಳು ಅಮ್ಮ. ಅರವತ್ತು ವರ್ಷದ ಮೇಲೂ ಆ ಒಂದು ಹಿಡಿಯ ನಷ್ಟ ಅವಳ ದನಿಯಲ್ಲಿ ಇತ್ತು.

ಮದುವೆಯಾಗಿ ಬಂದ ಮನೆಯಲ್ಲಿ ಅಪ್ಪ ಸ್ವಲ್ಪ ಸಮಯ ಕಬ್ಬು ಬೆಳೆದಿದ್ದರು. ಬ್ರಹ್ಮಾವರದಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆ ನಡೆಯುತ್ತಿದ್ದ ಕಾಲ. ಕಬ್ಬು ಕೊಟ್ಟು ಬಂದ ಮೊದಲ ಸಲ ಅಪ್ಪ ದಾರಿಯಲ್ಲಿ ಹತ್ತು ಕಿಲೋ ಸಕ್ಕರೆ ತಂದಿದ್ದರಂತೆ, ಒಟ್ಟಿಗೇ. ಡೊಂಕು ಹಿಡಿಯ ಚಮಚವನ್ನು ಅಮ್ಮ ಡಬ್ಬಿಗೆ ಹಾಕಿದ್ದು ಆವತ್ತು. ಕಾರ್ಖಾನೆ ಯಾವಾಗಲೋ ಮುಚ್ಚಿತು. ಗದ್ದೆಗಳು ಹಡಿಲು ಬಿದ್ದವು, ಅಪ್ಪನೂ ಹೋದರು. ಚಮಚ ಉಂಟು.

ನಾನು ಒಳಗೆ ಮೊಬೈಲ್ ನೋಡುವವನ ಹಾಗೆ ಕೂತು ಎಲ್ಲ ಕೇಳಿಸಿಕೊಂಡೆ.

ಮರುದಿನ ಬೆಳಿಗ್ಗೆ ಚಾ ಬಂತು. ಸಕ್ಕರೆ ಇರಲಿಲ್ಲ, ನಿಜಕ್ಕೂ ಇರಲಿಲ್ಲ. ಪಕ್ಕದ ತಟ್ಟೆಯಲ್ಲಿ ಮಾತ್ರ ಒಂದು ತುಂಡು ಬೆಲ್ಲ ಇತ್ತು.

"ಇದು ಎಂತದಮ್ಮ?"

"ಚಾಕ್ಕೆ ಹಾಕಿಲ್ಲ. ಕಚ್ಚಿಕೊಂಡು ಕುಡಿಯಲಿಕ್ಕೆ."

"ಎಷ್ಟು ಗ್ರಾಂ ಉಂಟು ಇದು?"

"ತೂಗಿಯೇ ತಂದದ್ದು. ಬೇಕಾದರೆ ಬಾ, ನಿನ್ನ ಎದುರೇ ತೂಗ್ತೇನೆ" ಎಂದು ಅಡುಗೆಮನೆಗೆ ನಡೆದಳು. ನಾನೂ ತಟ್ಟೆ ಹಿಡಿದು ಹಿಂದೆ ಹೋದೆ. ಅಮ್ಮ ಬೆಲ್ಲವನ್ನು ತಕ್ಕಡಿಯ ಮೇಲೆ ಜೋಪಾನವಾಗಿ ಇಟ್ಟಳು. ಆಮೇಲೆ ಕನ್ನಡಕ ಸರಿಮಾಡಿಕೊಂಡು ಆ ಗುಂಡಿ ಒತ್ತಿದಳು.

"ನೋಡು" ಎಂದಳು. "ಸೊನ್ನೆ."