ಸಂಬಳವಿಲ್ಲದ ದ್ವಾರಪಾಲಕರು

ವೈಕುಂಠದ ಬಾಗಿಲಲ್ಲಿ ಸನಕಾದಿಗಳನ್ನು ತಡೆದ ತಪ್ಪಿಗೆ ಜಯವಿಜಯರು ಮೂರು ಜನ್ಮ ಹರಿವೈರಿಗಳಾಗಿ ಹುಟ್ಟಬೇಕಾಯಿತು. ಅಂತರಜಾಲದ ಬಾಗಿಲಲ್ಲಿ ಎಷ್ಟೋ ಮಂದಿಯನ್ನು ವರ್ಷಗಟ್ಟಲೆ ನಿಲ್ಲಿಸಿದ, ಡಿಮೋಜ್ ಎಂಬ ಅಡ್ಡಹೆಸರಿನ ಜಾಲತಾಣಗಳ ಕೈಪಿಡಿಯ ಸಂಪಾದಕರಿಗೆ ಮಾತ್ರ ಯಾರ ಶಾಪವೂ ತಟ್ಟಲಿಲ್ಲ. ತಟ್ಟುವುದಾದರೂ ಹೇಗೆ? ಅವರು ಸ್ವಯಂಸೇವಕರು. ಸಂಬಳ ಪಡೆಯುವ ಗುಮಾಸ್ತನ ಮೇಲೆ ಮೇಲಧಿಕಾರಿಗೆ ದೂರು ಕೊಡಬಹುದು. ಬಿಟ್ಟಿ ಸೇವೆ ಮಾಡುವವನ ಎದುರು ಕೈಮುಗಿದು ನಿಲ್ಲುವುದೊಂದೇ ದಾರಿ.

1998ರಲ್ಲಿ ಅಮೆರಿಕದ ರಿಚ್ ಸ್ಕ್ರೆಂಟಾ ಮತ್ತು ಗೆಳೆಯರು ತಾಣಗಳನ್ನು ವಿಷಯವಾರು ವಿಂಗಡಿಸಿ ಪಟ್ಟಿಮಾಡುವ ಈ ಕೈಪಿಡಿಯನ್ನು ಗ್ನೂಹೂ ಎಂಬ ಹೆಸರಿನಲ್ಲಿ ಆರಂಭಿಸಿದರು. ಹೆಸರಿನ ಮೊದಲರ್ಧವಾದ ‘ಗ್ನೂ’ಗೆ, ಅದು ತಮ್ಮ ಯೋಜನೆಯ ಹೆಸರೆಂದು, ಮುಕ್ತ ತಂತ್ರಾಂಶದವರು ತಕರಾರು ತೆಗೆದರು, ಉಳಿದರ್ಧಕ್ಕೆ ಯಾಹೂ. ಅದೇ ವರ್ಷ ಬ್ರೌಸರ್ ತಯಾರಕ ನೆಟ್‌ಸ್ಕೇಪ್ ಅದನ್ನು ಕೊಂಡು, ಯಾರಿಗೂ ನೋವಾಗದಂತೆ ‘ತೆರೆದ ಕೈಪಿಡಿ’ ಎಂಬ ಅರ್ಥದ ಹೆಸರಿಟ್ಟಿತು. ನಮ್ಮಲ್ಲಿ ಕಡುಬಡವನಿಗೆ ಕುಬೇರಪ್ಪ ಎಂದು ಹೆಸರಿಡುವುದಿಲ್ಲವೇ, ಹಾಗೆ. ‘ಈ ಕೆಲಸವನ್ನು ಮನುಷ್ಯರೇ ಚೆನ್ನಾಗಿ ಮಾಡುತ್ತಾರೆ’ ಎಂಬುದು ಅದರ ಘೋಷವಾಕ್ಯ. ಕಾಯಿಸುವ ಕೆಲಸದ ಮಟ್ಟಿಗೆ ಇದನ್ನು ಅಲ್ಲಗಳೆಯಲಾಗದು.

ಪಟ್ಟಿಗೆ ಸೇರುವ ವಿಧಿವಿಧಾನ ಹೀಗಿತ್ತು. ನಿಮ್ಮ ತಾಣಕ್ಕೆ ಹೊಂದುವ ಒಂದೇ ಒಂದು ವರ್ಗವನ್ನು ಹುಡುಕಬೇಕು. ವಿವರಣೆಯಲ್ಲಿ ಆತ್ಮಪ್ರಶಂಸೆ ಕೂಡದು. ಅರ್ಜಿ ಹಾಕಿ ಸುಮ್ಮನಿರಬೇಕು. ಒಪ್ಪಿಗೆಯಾದರೆ ತಿಳಿಸುವುದಿಲ್ಲ, ತಿರಸ್ಕಾರವಾದರೂ ತಿಳಿಸುವುದಿಲ್ಲ. ತಡೆಯಲಾರದೆ ಇನ್ನೊಮ್ಮೆ ಅರ್ಜಿ ಹಾಕಿದಿರೋ, ಹಳೆಯ ತಾರೀಕು ಅಳಿಸಿ ಸರದಿಯ ಕೊನೆಗೆ ಹೋಗುತ್ತೀರಿ. ಅರ್ಜಿಯ ಗತಿ ವಿಚಾರಿಸಲು ಒಂದು ಕಿಟಕಿಯಿತ್ತು. 2005ರಲ್ಲಿ ಅದನ್ನೂ ಮುಚ್ಚಿದರು. ಕೆಲವು ವರ್ಗಗಳಿಗೆ ಸಂಪಾದಕನೇ ಇರುತ್ತಿರಲಿಲ್ಲ. ಇನ್ನು ಕೆಲವಕ್ಕೆ ಇರುತ್ತಿದ್ದ, ಆದರೆ ಅವನು ಎದುರಂಗಡಿಯವನು ಎಂಬುದು ಅರ್ಜಿದಾರರ ಗುಮಾನಿ.

2006ರ ಅಕ್ಟೋಬರಿನಲ್ಲಿ ಡಿಮೋಜ್‌ನ ಸರ್ವರ್ ಕೆಟ್ಟು ಕೂತಿತು. ಸಂಪಾದನೆಯ ಕೆಲಸ ಸುಮಾರು ಎರಡು ತಿಂಗಳು ನಿಂತುಹೋಯಿತು. ಹೊರಗೆ ಕಾಯುತ್ತಿದ್ದವರಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ.

ಅರ್ಜಿದಾರರೇನೂ ಸಾಧುಸಂತರಲ್ಲ. ಒಂದೇ ಅಂಗಡಿಗೆ ಹತ್ತು ಬೋರ್ಡು ತೂಗುಹಾಕಿ, ಹತ್ತು ಹೆಸರಿನಲ್ಲಿ ಅರ್ಜಿ ತುಂಬಿದ ಮಹಾನುಭಾವರು ಅವರಲ್ಲಿದ್ದರು. ‘ನಾವಿರುವುದು ಓದುಗರಿಗಾಗಿ, ತಾಣಗಳ ಒಡೆಯರಿಗಾಗಿ ಅಲ್ಲ’ ಎಂದು ಸಂಪಾದಕರು ಹೇಳುತ್ತಿದ್ದುದರಲ್ಲಿ ನ್ಯಾಯವಿತ್ತು. ಆದರೆ ಗೂಗಲ್ ಈ ಪಟ್ಟಿಯನ್ನೇ ಎತ್ತಿಕೊಂಡು 2000ದಿಂದ ತನ್ನದೇ ಕೈಪಿಡಿ ನಡೆಸುತ್ತಿತ್ತು. ಡಿಮೋಜ್ ಒಳಗೆ ಬಿಟ್ಟರೆ ಗೂಗಲ್ ಕೃಪೆ ತಾನಾಗಿ ಒದಗುತ್ತದೆ ಎಂಬ ನಂಬಿಕೆ ಊರೆಲ್ಲ ಹಬ್ಬಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಗೊಣಗುತ್ತಲೇ ಎಲ್ಲರೂ ಪೂಜಾರಿಯ ಕಾಲು ಹಿಡಿದರು. ಹಣ ತೆಗೆದುಕೊಳ್ಳುವ ಗುಡಿಯೂ ಪಕ್ಕದಲ್ಲೇ ಇತ್ತೆನ್ನಿ. ವ್ಯಾಪಾರಿ ತಾಣಗಳಿಗೆ ಯಾಹೂ ತನ್ನ ಕೈಪಿಡಿಯಲ್ಲಿ ವರ್ಷಕ್ಕೆ 299 ಡಾಲರ್ ದಕ್ಷಿಣೆ ಗೊತ್ತುಮಾಡಿತ್ತು. ಆ ದುಡ್ಡು ಪರಿಶೀಲನೆಗಷ್ಟೇ, ದರ್ಶನದ ಖಾತರಿಗಲ್ಲ. 2014ರಲ್ಲಿ ಆ ಗುಡಿಗೂ ಬೀಗ ಬಿತ್ತು.

ಎಲ್ಲಕ್ಕಿಂತ ಸೊಗಸಾದದ್ದು ಒಳಗೆ ಹೋದವರ ಪಾಡು. ಸಂಪಾದಕನು ಎಂದೋ ಬರೆದಿಟ್ಟ ಸಪ್ಪೆ ವಿವರಣೆಯನ್ನು ಶೋಧಯಂತ್ರಗಳು ತಾಣದ ಹೆಸರಿನ ಕೆಳಗೆ ತೋರಿಸತೊಡಗಿದವು. ನೀವು ಮಿಠಾಯಿ ಬಿಟ್ಟು ಮೊಬೈಲ್ ಮಾರುತ್ತಿದ್ದರೂ ಅಲ್ಲಿ ಮಿಠಾಯಿಯೇ. ತಿದ್ದಿಸಲು ಮತ್ತೆ ಅರ್ಜಿ, ಮತ್ತೆ ಮೌನ. ಕೊನೆಗೆ 2006ರಲ್ಲಿ ಶೋಧಯಂತ್ರಗಳೇ ಕರುಣೆ ತೋರಿ ‘ನೂಡಿಪಿ’ ಎಂಬ ಸಂಕೇತವನ್ನು ದಯಪಾಲಿಸಿದವು. ಅದನ್ನು ನಿಮ್ಮ ಪುಟದಲ್ಲಿ ಸೇರಿಸಿದರೆ ಡಿಮೋಜ್ ಹೇಳಿದ್ದನ್ನು ತೋರಿಸುವುದಿಲ್ಲ. ವರ್ಷಗಟ್ಟಲೆ ಕಾಡಿ ಬೇಡಿ ಪಡೆದ ಪ್ರಸಾದವನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಳ್ಳುವ ಸೌಭಾಗ್ಯ!

2017ರ ಮಾರ್ಚ್ 17ರಂದು ಡಿಮೋಜ್ ಬಾಗಿಲು ಹಾಕಿತು. ಸಂಪಾದಕರಲ್ಲಿ ಕೆಲವರು ಮಾತ್ರ ಪಟ್ಟಿಯನ್ನು ಕೈಬಿಡದೆ, ಕರ್ಲೀ ಎಂಬ ಹೊಸ ಹೆಸರಿನಲ್ಲಿ ಮುಂದುವರಿಸಿದರು. ಸೇವೆ ಈಗಲೂ ಬಿಟ್ಟಿಯೇ. ತಾಣಗಳ ಒಡೆಯರು ಅಲ್ಲಿಯೂ ಅರ್ಜಿ ಹಾಕಬಹುದು. ಒಂದೇ ಸಲ ಹಾಕಿದರೆ ಕ್ಷೇಮ.