ಹೇಗೆ ಗೊತ್ತಾಯಿತು ಅಂತ ಹೇಳದೆ ಉತ್ತರ ಕೇಳುವವರಿಗೆ

ನಿನ್ನೆ ರಾತ್ರಿ ಊಟಕ್ಕೆ ಕೂತಿದ್ದೆ. ತಂಗಿಯ ಮಗಳು ಲ್ಯಾಪ್‌ಟಾಪ್ ತಂದು ತಟ್ಟೆಯ ಪಕ್ಕಕ್ಕೇ ಇಟ್ಟಳು. ಪ್ಲೇಸ್‌ಮೆಂಟ್‌ಗೆ ಅಂತ ಮಾಕ್ ಟೆಸ್ಟ್ ಬರೀತಿದ್ದಾಳೆ. "ಮಾಮ, ಇದು ಹೇಗೆ ತಪ್ಪು ಹೇಳು." ಮೇಷ್ಟ್ರಿಕೆ ಬಿಟ್ಟು ಇಷ್ಟು ವರ್ಷವಾದರೂ ನಮ್ಮ ಮನೆಯಲ್ಲಿ ನನಗೆ ಬಿಡುಗಡೆ ಸಿಕ್ಕಿಲ್ಲ, ನಿಮಗೇ ಗೊತ್ತು.

ಪ್ರಶ್ನೆ ಇಷ್ಟೇ. ಒಂದು ಮನೆಯಲ್ಲಿ ಎರಡು ಮಕ್ಕಳು. ಅದರಲ್ಲಿ ಒಂದು ಗಂಡು ಎಂದು ಗೊತ್ತಾಗಿದೆ. ಎರಡೂ ಗಂಡಾಗಿರುವ ಸಂಭವನೀಯತೆ ಎಷ್ಟು? ಆಯ್ಕೆಗಳು 1/2, 1/3, 1/4, 2/3. ಅವಳು 1/2 ಒತ್ತಿದ್ದಳು. ಕೀ ಆನ್ಸರ್ 1/3. ಅಂಕವೂ ಹೋಯಿತು, ಮೇಲೆ ಕಾಲು ಅಂಕ ದಂಡ.

"ಗೊತ್ತಾಗಿದೆ." ನನ್ನ ತಲೆ ಕೆಟ್ಟಿದ್ದು ಈ ಒಂದು ಪದಕ್ಕೆ. ಹೇಗೆ ಗೊತ್ತಾಯಿತು ಸ್ವಾಮಿ?

ಎರಡೆರಡು ಮಕ್ಕಳಿರುವ 100 ಮನೆ ಇಟ್ಟುಕೊಳ್ಳಿ. ಲೆಕ್ಕಕ್ಕೆ 25ರಲ್ಲಿ ಎರಡೂ ಗಂಡು, 25ರಲ್ಲಿ ಎರಡೂ ಹೆಣ್ಣು, ಉಳಿದ 50ರಲ್ಲಿ ಒಂದೊಂದು. ಈಗ ಮನೆ ಮನೆಗೆ ಹೋಗಿ "ನಿಮಗೆ ಗಂಡುಮಗು ಇದೆಯಾ?" ಅಂತ ಅಪ್ಪ ಅಮ್ಮನನ್ನೇ ಕೇಳಿ. 75 ಮನೆಯವರು ಹೌದು ಅಂತಾರೆ. ಅದರಲ್ಲಿ ಎರಡೂ ಗಂಡಿರುವುದು 25 ಮನೆ. 1/3. ಸರಿ, ಕೀ ಆನ್ಸರ್‌ಗೆ ಜೈ.

ಆದರೆ ಯಾರನ್ನೂ ಕೇಳಬೇಡಿ. ಸುಮ್ನೆ ಬೆಲ್ ಒತ್ತಿ. ಎರಡರಲ್ಲಿ ಯಾವುದೋ ಒಂದು ಮಗು ಬಂದು ಬಾಗಿಲು ತೆಗೆಯುತ್ತೆ. ಎರಡೂ ಗಂಡಿರುವ 25 ಮನೆಯಲ್ಲಿ ಬರುವುದು ಹುಡುಗನೇ. ಒಂದೊಂದಿರುವ 50 ಮನೆಯಲ್ಲಿ ಅರ್ಧ ಸಲ ಹುಡುಗಿ ಬರುತ್ತಾಳೆ, ಹಾಗಾಗಿ ಹುಡುಗ ಬರುವುದು 25ರಲ್ಲಿ. ಒಟ್ಟು 50 ಮನೆಯಲ್ಲಿ ಹುಡುಗನ ಮುಖ ನೋಡಿದಿರಿ, ಅದರಲ್ಲಿ 25ರಲ್ಲಿ ಎರಡೂ ಗಂಡು. 1/2. ನಮ್ಮ ಹುಡುಗಿ ಒತ್ತಿದ್ದೂ ಅದೇ.

ಬೆಲ್ ಒತ್ತಿದಿರೋ, ಅಪ್ಪ ಅಮ್ಮನನ್ನು ಕೇಳಿದಿರೋ ಅಂತ ಹೇಳದೆ ಉತ್ತರ ಕೇಳಿದರೆ ಅದು ಗಣಿತ ಅಲ್ಲ, ಕಣಿ ಕೇಳುವುದು.

ಇದು ನನ್ನೊಬ್ಬನ ತಕರಾರಲ್ಲ. ಗಣಿತದ ಒಗಟುಗಳಿಗೆ ಹೆಸರಾದ ಅಮೆರಿಕದ ಲೇಖಕ ಮಾರ್ಟಿನ್ ಗಾರ್ಡ್ನರ್ 1959ರಲ್ಲಿ ಸೈಂಟಿಫಿಕ್ ಅಮೆರಿಕನ್‌ನ ತಮ್ಮ ಅಂಕಣದಲ್ಲಿ ಇದನ್ನೇ ಕೇಳಿ, 1/3 ಅಂತಲೇ ಉತ್ತರ ಕೊಟ್ಟಿದ್ದರು. ಆಮೇಲೆ, ಮಾಹಿತಿ ಹೇಗೆ ಸಿಕ್ಕಿತು ಎಂದು ಹೇಳದಿದ್ದರೆ ಪ್ರಶ್ನೆಯೇ ಅಸ್ಪಷ್ಟ ಅಂತ ಅವರೇ ಒಪ್ಪಿಕೊಂಡರು. ಅಂಥವರೇ ಒಪ್ಪಿಕೊಂಡರು, ಮಾಕ್ ಟೆಸ್ಟಿನವರದು ಮಾತ್ರ ಶಾಸನ. ಇನ್ನು ಫ್ರೆಂಚ್ ಗಣಿತಜ್ಞ ಬರ್ಟ್ರಾಂಡ್‌ರ 1889ರ ಪ್ರಶ್ನೆ ಇವರ ಕಣ್ಣಿಗೆ ಬೀಳದಿರಲಿ. ವೃತ್ತದಲ್ಲಿ ಮನಸ್ಸಿಗೆ ಬಂದ ಹಾಗೆ ಒಂದು ಜ್ಯಾ (ವೃತ್ತದ ಮೇಲಿನ ಎರಡು ಬಿಂದು ಸೇರಿಸುವ ಗೆರೆ) ಎಳೆದರೆ, ಅದು ಮೂರು ಮೂಲೆಯೂ ವೃತ್ತಕ್ಕೆ ತಾಗುವಂತೆ ಒಳಗೆ ಬರೆದ ಸಮಬಾಹು ತ್ರಿಭುಜದ ಬಾಹುವಿಗಿಂತ ಉದ್ದ ಇರುವ ಸಂಭವನೀಯತೆ ಎಷ್ಟು? ಜ್ಯಾ ಎಳೆಯುವ ರೀತಿ ಬದಲಾದರೆ 1/2, 1/3, 1/4 ಮೂರೂ ಸರಿ. ಮೂರು ಆಯ್ಕೆ ಆಗಲೇ ರೆಡಿ ಇದೆ ನೋಡಿ!

ಮಜಾ ಏನು ಗೊತ್ತಾ? ಅದೇ ಟೆಸ್ಟಿನಲ್ಲಿ ಡೇಟಾ ಸಫಿಷಿಯೆನ್ಸಿ ಅಂತ ಒಂದು ಭಾಗವಿದೆ. ಕೊಟ್ಟ ಮಾಹಿತಿ ಉತ್ತರಕ್ಕೆ ಸಾಕೋ ಸಾಲದೋ ಅಂತ ಮಕ್ಕಳು ಹೇಳಬೇಕು. ಪ್ರಶ್ನೆ ತೆಗೆದ ಮಹಾನುಭಾವರು ಮೊದಲು ಅದನ್ನು ಬರೆದು ಪಾಸಾಗಲಿ.

ಐಟಿಯಲ್ಲಿರುವ ಗೆಳೆಯನಿಗೆ ಫೋನ್ ಮಾಡಿ ಕೂಗಾಡಿದೆ. ಅವನು ನಕ್ಕ. "ಕೆಲಸದಲ್ಲೂ ಎಲ್ಲ ಅಸ್ಪಷ್ಟವೇ ಕಣೋ. ಅಂಥದ್ದರಲ್ಲೂ ದಾರಿ ಹುಡುಕುವವರೇ ಬೇಕು ನಮಗೆ" ಅಂದ. ಹೌದಾ? ಕ್ಲೈಂಟ್ ಅರ್ಧಂಬರ್ಧ ಹೇಳಿದರೆ ನೀನು ವಾಪಸ್ ಕೇಳ್ತೀಯೋ, ನಾಲ್ಕರಲ್ಲಿ ಒಂದು ಒತ್ತಿ ಕೂರ್ತೀಯೋ? ಪರೀಕ್ಷೆಯಲ್ಲಿ ಈ ಹುಡುಗಿ ಯಾರನ್ನು ಕೇಳಬೇಕು, ಮೌಸನ್ನಾ? ಅದಕ್ಕೆ ಅವನ ಹತ್ತಿರ ಉತ್ತರವಿಲ್ಲ. ಮೀಟಿಂಗ್ ಇದೆ ಅಂದ. ರಾತ್ರಿ ಹತ್ತಕ್ಕೆ.

ಇಷ್ಟೆಲ್ಲ ಕೂಗಾಡಿದವನು ಒಂದು ವಿಷಯ ಹೇಳದೇ ಹೋದರೆ ಮೋಸವಾಗುತ್ತೆ. ಪಿಯು ಮಕ್ಕಳಿಗೆ ಪಾಠ ಮಾಡುವಾಗ ಒಂದು ಕಿರುಪರೀಕ್ಷೆಗೆ ನಾನೇ ಬರೆದ ಪ್ರಶ್ನೆ: ಚೀಲದಲ್ಲಿ 5 ಕೆಂಪು, 3 ನೀಲಿ ಚೆಂಡು. ಒಂದಾದ ಮೇಲೆ ಒಂದು ಎರಡು ಚೆಂಡು ತೆಗೆದರೆ ಎರಡೂ ಕೆಂಪಾಗಿರುವ ಸಂಭವನೀಯತೆ ಎಷ್ಟು? ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಸಾರ್, ಮೊದಲನೇ ಚೆಂಡನ್ನ ವಾಪಸ್ ಹಾಕ್ತೀವಾ?" ಹಾಕಿದರೆ 25/64, ಹಾಕದಿದ್ದರೆ 5/14. ಹೇಳೋದು ಬಿಟ್ಟಿದ್ದು ನಾನು. ನಾನೇನು ಅಂದೆ? "ಪ್ರಶ್ನೆ ಸರಿಯಾಗಿ ಓದು, ಕೂತ್ಕೋ." ಅವನು ಎರಡೂ ಉತ್ತರ ಬಿಡಿಸಿಟ್ಟಿದ್ದ. ಒಂದನ್ನು ಆರಿಸಿಲ್ಲ ಅಂತ ಸೊನ್ನೆ ಹಾಕಿದೆ, ದಪ್ಪಗೆ, ಕೆಂಪು ಇಂಕಲ್ಲಿ. ಅವನು ಜಗಳ ಆಡಲಿಲ್ಲ. ಪೇಪರ್ ಮಡಚಿ ಜೇಬಿಗಿಟ್ಟುಕೊಂಡು ಹೋದ. ಆಡಿದ್ದರೆ ಮರೆತುಬಿಡ್ತಿದ್ದೆನೋ ಏನೋ.

ಊಟ ತಣ್ಣಗಾಗಿತ್ತು. 100 ಮನೆಯ ಲೆಕ್ಕವನ್ನೆಲ್ಲ ಹೇಳಿ ಮುಗಿಸಿದೆ. ಅವಳು ಪಾಪ ಕೊನೆಯವರೆಗೂ ಕೇಳಿದಳು. ಆಮೇಲೆ, "ಅದೆಲ್ಲ ಸರಿ ಮಾಮ. ನಾಡಿದ್ದು ನಿಜವಾದ ಟೆಸ್ಟಲ್ಲಿ ಇದೇ ಬಂದ್ರೆ ಏನು ಒತ್ಲಿ?"

"1/3 ಒತ್ತು" ಅಂದೆ.